ಕೊಡಗಿನಲ್ಲಿ ಕೂತು ಸೂರ್ಯನನ್ನು ಹತ್ತಿರದಿಂದ ನೋಡುವ ತಂಡ ಸೇರುವುದು ಹೇಗೆ

ಸೂರ್ಯನ ಮೇಲೆ ಕೆಲಸ ಮಾಡಬೇಕೆಂದರೆ ದೊಡ್ಡ ಟೆಲಿಸ್ಕೋಪಿನ ಪಕ್ಕದಲ್ಲೇ ಮನೆ ಮಾಡಬೇಕು ಅಂತ ನಮ್ಮ ಕಡೆಯ ಬಿಎಸ್ಸಿ, ಎಂಎಸ್ಸಿ ಮಕ್ಕಳು ನಂಬಿಕೊಂಡಿದ್ದಾರೆ. ಮಡಿಕೇರಿ, ಗೋಣಿಕೊಪ್ಪ, ವಿರಾಜಪೇಟೆ, ಎಲ್ಲೇ ಕೇಳಿ, ಇದೇ ಮಾತು. "ಇಲ್ಲಿ ಏನಿದೆ ಸರ್, ಅರ್ಧ ವರ್ಷ ಮಳೆ, ಸೂರ್ಯನೇ ಕಾಣಲ್ಲ." ಮಳೆಯ ಮಾತು ನಿಜ. ಆದರೆ ಇವತ್ತು ಸೂರ್ಯನ ಹೈ ರೆಸಲ್ಯೂಷನ್ ಚಿತ್ರಗಳ ಮೇಲೆ ಕೆಲಸ ಮಾಡುವವರಲ್ಲಿ ಬಹಳ ಜನ ಟೆಲಿಸ್ಕೋಪ್ ಮುಟ್ಟುವುದೇ ಇಲ್ಲ. ಹವಾಯಿಯಲ್ಲೋ, ಕ್ಯಾನರಿ ದ್ವೀಪದಲ್ಲೋ, ಬಾಹ್ಯಾಕಾಶದಲ್ಲೋ ತೆಗೆದ ಚಿತ್ರ ಅವರ ಲ್ಯಾಪ್‌ಟಾಪಿಗೆ ಬರುತ್ತದೆ. ಕೆಲಸ ಶುರುವಾಗುವುದು ಅಲ್ಲಿಂದ.

ಆಸಕ್ತಿಗೂ ಇಲ್ಲಿ ಬರ ಇಲ್ಲ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನಮ್ಮ ಕುಟ್ಟದ ಮೇಲೆಯೇ ಹಾದು ಹೋಯಿತಲ್ಲ, ಅವತ್ತು ಕಾಯಿಮಾನಿಯಲ್ಲಿ ಸೇರಿದ್ದ ಜನರನ್ನು ನೆನಪಿಸಿಕೊಳ್ಳಿ. ಇಲ್ಲದಿರುವುದು ದಾರಿ ಹೇಳುವವರು. ಹಾಗಾಗಿ ಈ ಬರಹ. ಭೌತಶಾಸ್ತ್ರ ಓದಿದ್ದೀರಿ ಅಥವಾ ಓದುತ್ತಿದ್ದೀರಿ, ಪೈಥಾನ್ ಸ್ವಲ್ಪ ಬರುತ್ತದೆ ಅಂತ ಇಟ್ಟುಕೊಂಡು ಬರೆಯುತ್ತಿದ್ದೇನೆ. ಪೈಥಾನ್ ಬರದಿದ್ದರೆ ಮೊದಲು ಅದನ್ನು ಕಲಿತು ಬನ್ನಿ. ಅದಕ್ಕೆ ಒಳದಾರಿ ಇಲ್ಲ.

ತಂಡ ಯಾಕೆ ಬೇಕೇ ಬೇಕು

ಸೂರ್ಯನ ವಿಷಯದಲ್ಲಿ ಒಬ್ಬರೇ ಬಹಳ ದೂರ ಹೋಗಲಾಗುವುದಿಲ್ಲ. ಕಾರಣ ಗೊತ್ತಿದ್ದರೆ ತಂಡದಲ್ಲಿ ನಿಮ್ಮ ಜಾಗ ಎಲ್ಲಿ ಅನ್ನುವುದೂ ತಾನೇ ಗೊತ್ತಾಗುತ್ತದೆ.

ಮೊದಲು ಅಳತೆ ನೋಡಿ. ಆಕಾಶದಲ್ಲಿ ಗಾತ್ರ ಅಳೆಯುವುದು ಕೋನದಲ್ಲಿ, ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್. ಭೂಮಿಯಿಂದ ನೋಡುವಾಗ ಸೂರ್ಯನ ಮೇಲೆ ಒಂದು ಆರ್ಕ್‌ಸೆಕೆಂಡ್ ಅಂದರೆ ಸುಮಾರು 725 ಕಿ.ಮೀ. ಹತ್ತಿರಹತ್ತಿರ ಬೀದರಿನಿಂದ ಚಾಮರಾಜನಗರದ ತನಕ. ಜಪಾನಿನ ಹಿನೋಡೆ ಉಪಗ್ರಹದಲ್ಲಿರುವುದು 50 ಸೆಂ.ಮೀ. ಟೆಲಿಸ್ಕೋಪ್, ಅದು ಸುಮಾರು 150 ಕಿ.ಮೀ. ಗಾತ್ರದ ವಿವರ ತೋರಿಸುತ್ತದೆ. ಹವಾಯಿಯ ಮಾವಿ ದ್ವೀಪದ ಹಲೇಯಾಕಲಾ ಬೆಟ್ಟದ ಮೇಲಿರುವ ಇನೊಯೆ ಟೆಲಿಸ್ಕೋಪಿನ ಕನ್ನಡಿ 4 ಮೀಟರ್. ಅದು 20ರಿಂದ 30 ಕಿ.ಮೀ. ತನಕ ಇಳಿಯುತ್ತದೆ, ಅಂದರೆ ಮಡಿಕೇರಿಯಿಂದ ಕುಶಾಲನಗರದಷ್ಟು. ಹದಿನೈದು ಕೋಟಿ ಕಿ.ಮೀ. ದೂರದಿಂದ!

ಆದರೆ ಅಷ್ಟು ಸಣ್ಣದನ್ನು ನೋಡುವ ಕ್ಯಾಮೆರಾ ಒಂದು ಸಲಕ್ಕೆ ಸೂರ್ಯನ ಒಂದು ಚಿಕ್ಕ ತುಂಡನ್ನು ಮಾತ್ರ ನೋಡುತ್ತದೆ. ಇಡೀ ಸೂರ್ಯನ ಅಗಲ ಸುಮಾರು 1,900 ಆರ್ಕ್‌ಸೆಕೆಂಡ್. ಇನೊಯೆಯ ಕ್ಯಾಮೆರಾಗೆ ಒಮ್ಮೆ ಸಿಗುವುದು ಅದರಲ್ಲಿ ಹತ್ತಾರು ಆರ್ಕ್‌ಸೆಕೆಂಡ್ ಅಷ್ಟೇ. ಪಕ್ಕದಲ್ಲಿ ಏನು ನಡೆಯುತ್ತಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು ನಾಸಾದ ಎಸ್‌ಡಿಒ ಬೇಕು. 2010ರಲ್ಲಿ ಹಾರಿದ ಈ ಉಪಗ್ರಹ ಇಡೀ ಸೂರ್ಯನ ಚಿತ್ರವನ್ನು ಪ್ರತಿ 12 ಸೆಕೆಂಡಿಗೊಮ್ಮೆ ಬೇರೆ ಬೇರೆ ಬಣ್ಣಗಳಲ್ಲಿ ತೆಗೆಯುತ್ತಲೇ ಇರುತ್ತದೆ.

ಇನ್ನೊಂದು, ಪದರಗಳ ತೊಂದರೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕಾಣುವುದು ಸುಮಾರು 5,500 ಡಿಗ್ರಿಯ ಮೇಲ್ಮೈ. ಅದರ ಮೇಲಿನ ಕ್ರೋಮೋಸ್ಫಿಯರ್ ನೋಡಲು ಹೈಡ್ರೋಜನ್ನಿನ ಕೆಂಪು ಗೆರೆ, ಕ್ಯಾಲ್ಸಿಯಂ ಗೆರೆ ಬೇಕು. ಇನ್ನೂ ಮೇಲಿನ ಕರೋನಾ ಹತ್ತು ಲಕ್ಷ ಡಿಗ್ರಿ ದಾಟುತ್ತದೆ. ಅದು ಅತಿನೇರಳೆ ಮತ್ತು ಎಕ್ಸ್‌ರೇ ಬೆಳಕಿನಲ್ಲಿ ಹೊಳೆಯುತ್ತದೆ, ಆ ಬೆಳಕು ನಮ್ಮ ವಾತಾವರಣ ದಾಟಿ ಕೆಳಗೆ ಬರುವುದೇ ಇಲ್ಲ. ಕೆಳಗೆ ಕಾಂತಕ್ಷೇತ್ರ ತಿರುಚಿಕೊಂಡರೆ ಮೇಲೆ ಬಿಸಿ ಏರುತ್ತದಾ ಅಂತ ಕೇಳಬೇಕಾದರೆ ಕೆಳಗಿನ ಚಿತ್ರ ಒಂದು ದೇಶದಿಂದ, ಮೇಲಿನ ಚಿತ್ರ ಇನ್ನೊಂದು ದೇಶದ ಉಪಗ್ರಹದಿಂದ ಬರಬೇಕು. ಎರಡನ್ನೂ ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು.

ನನ್ನ ಇಡೀ ಸಲಹೆ ಈ "ಕೂರಿಸುವ" ಕೆಲಸದ ಸುತ್ತಲೇ ಇದೆ. ಬೇರೆ ಬೇರೆ ಉಪಕರಣಗಳ ಚಿತ್ರಗಳನ್ನು ಸಮಯಕ್ಕೂ ಜಾಗಕ್ಕೂ ಹೊಂದಿಸುವುದು, ತಂಡದವರು ಕೋ-ಅಲೈನ್‌ಮೆಂಟ್ ಅನ್ನುತ್ತಾರೆ, ಬೇಸರದ ಕೆಲಸ. ದೊಡ್ಡವರಿಗೆ ಸಮಯ ಇರುವುದಿಲ್ಲ, ಚಿಕ್ಕವರಿಗೆ ತಾಳ್ಮೆ ಇರುವುದಿಲ್ಲ. ಇದನ್ನು ಚೆನ್ನಾಗಿ ಮಾಡುವವರನ್ನು ಯಾವ ತಂಡವೂ ಬೇಡ ಅನ್ನುವುದಿಲ್ಲ. ಇದಕ್ಕೆ ಬೇಕಾಗಿರುವುದು ಒಂದು ಸಾಧಾರಣ ಲ್ಯಾಪ್‌ಟಾಪ್, ಉಚಿತ ಸಾಫ್ಟ್‌ವೇರ್, ಮತ್ತೆ ಮತ್ತೆ ನೋಡುವ ಕಣ್ಣು.

ಡೇಟಾ ಎಲ್ಲಿದೆ

ಎಲ್ಲರಿಗೂ ತೆರೆದಿದೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ, ಅದೇ ನನಗೆ ಬೇಜಾರು.

ಎಸ್‌ಡಿಒ ಡೇಟಾ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆಎಸ್‌ಒಸಿ ಅನ್ನುವ ಡೇಟಾ ಕೇಂದ್ರದಲ್ಲಿ ಸಿಗುತ್ತದೆ. ಒಂದು ಇಮೇಲ್ ವಿಳಾಸ ನೋಂದಾಯಿಸಿದರೆ ಸಾಕು. ನಾಸಾದ ಐರಿಸ್ ಉಪಗ್ರಹ, ಜಪಾನಿನ ಹಿನೋಡೆ, ಇವುಗಳ ಡೇಟಾವೂ ಮುಕ್ತ. ಯೂರೋಪಿನ ಸೋಲಾರ್ ಆರ್ಬಿಟರ್ ನೌಕೆಯ ಡೇಟಾ ಭೂಮಿಗೆ ಬಂದ ಮೂರು ತಿಂಗಳೊಳಗೆ ಹೊರಗೆ ಬರುತ್ತದೆ. ಇನೊಯೆಯದು ಅದರ ಡೇಟಾ ಸೆಂಟರಿನಲ್ಲಿದೆ, ಕೆಲವು ಮಾತ್ರ ಸ್ವಲ್ಪ ಕಾಲ ಪ್ರಪೋಸಲ್, ಅಂದರೆ ಟೆಲಿಸ್ಕೋಪಿಗೆ ಅರ್ಜಿ, ಬರೆದವರಿಗಷ್ಟೇ ಮೀಸಲಾಗಿರುತ್ತವೆ. ನಮ್ಮ ಆದಿತ್ಯ ಎಲ್1 ನೌಕೆಯ ಡೇಟಾ ಇಸ್ರೋದ ಪ್ರದಾನ್ ಪೋರ್ಟಲಿನಲ್ಲಿದೆ.

ಆದಿತ್ಯವನ್ನು ಸುಮ್ನೆ ದಾಟಿ ಹೋಗಬೇಡಿ. 2023ರ ಸೆಪ್ಟೆಂಬರ್ 2ರಂದು ಹೊರಟು, 2024ರ ಜನವರಿ 6ರಂದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನ ಸುತ್ತಲ ಕಕ್ಷೆ ಸೇರಿತು. ಅದರಲ್ಲಿರುವ ವಿಇಎಲ್‌ಸಿ ಕರೋನಾಗ್ರಾಫ್, ಅಂದರೆ ಸೂರ್ಯನ ಬಿಂಬ ಮುಚ್ಚಿ ಕರೋನಾ ನೋಡುವ ಉಪಕರಣ, ಕಟ್ಟಿದ್ದು ಬೆಂಗಳೂರಿನ ಖಗೋಳ ಸಂಸ್ಥೆ ಐಐಎ. ಎಸ್‌ಯುಐಟಿ ಅನ್ನುವ ಅತಿನೇರಳೆ ಟೆಲಿಸ್ಕೋಪ್ ಪುಣೆಯ ಖಗೋಳ ಸಂಸ್ಥೆ ಐಯುಕಾದ್ದು, 200ರಿಂದ 400 ನ್ಯಾನೋಮೀಟರ್ ನಡುವಿನ ಬೆಳಕಿನಲ್ಲಿ ಇಡೀ ಸೂರ್ಯನನ್ನು ನೋಡುತ್ತದೆ. ಈ ಬೆಳಕಿನಲ್ಲಿ ಇಡೀ ಬಿಂಬದ ಇಂಥ ಚಿತ್ರ ಬೇರೆಯವರ ಬಳಿ ಇಲ್ಲ. 2024ರ ಫೆಬ್ರವರಿ 22ರ ಎಕ್ಸ್6.3 ಫ್ಲೇರನ್ನು, ಅಂದರೆ ಸೂರ್ಯನ ಮೇಲಿನ ಒಂದು ಭಾರಿ ಸ್ಫೋಟವನ್ನು, ಅದು ಹಿಡಿದಿದೆ. ಹೊರದೇಶದ ತಂಡಕ್ಕೆ ಹೋಗುವಾಗ ನಿಮ್ಮ ಕೈಯಲ್ಲಿ ಅವರಿಗೆ ಅಷ್ಟಾಗಿ ಬಳಕೆಯಿಲ್ಲದ ಡೇಟಾದ ಅನುಭವ ಇದ್ದರೆ ಮಾತಿನ ತೂಕವೇ ಬೇರೆ.

ಸಾಫ್ಟ್‌ವೇರ್ ವಿಷಯ ಬೇಗ ಮುಗಿಸುತ್ತೇನೆ. ಪೈಥಾನಿನಲ್ಲಿ ಆಸ್ಟ್ರೋಪೈ, ಸನ್‌ಪೈ, ಎಸ್‌ಡಿಒ ಚಿತ್ರಗಳಿಗೆ ಎಐಎಪೈ. ಹಳಬರು ಇನ್ನೂ ಐಡಿಎಲ್ ಮತ್ತು ಸೋಲಾರ್‌ಸಾಫ್ಟ್ ಬಳಸುತ್ತಾರೆ. ಐಡಿಎಲ್ ದುಡ್ಡು ಕೊಟ್ಟು ಕೊಳ್ಳಬೇಕು, ನೀವು ಕೊಳ್ಳಬೇಡಿ, ಆದರೆ ಆ ಕೋಡ್ ಓದಿ ಅರ್ಥ ಮಾಡಿಕೊಳ್ಳುವಷ್ಟು ಕಲಿಯಿರಿ. ಚಿತ್ರಗಳನ್ನು ಮೊದಲು ಸುಮ್ನೆ ನೋಡಲು ಜೆ-ಹೀಲಿಯೋವ್ಯೂವರ್ ಹಾಕಿಕೊಳ್ಳಿ. ಕೆಲವು ದಿನ ಅದರಲ್ಲೇ ಸೂರ್ಯನನ್ನು ಓಡಿಸಿ ನೋಡಿ, ಯಾವುದು ಫ್ಲೇರ್, ಯಾವುದು ಜೆಟ್, ಯಾವುದು ಫಿಲಮೆಂಟ್ ಅಂತ ಕಣ್ಣಿಗೆ ಅಭ್ಯಾಸವಾಗುತ್ತದೆ. ಪುಸ್ತಕ ಓದಿ ಇದು ಬರುವುದಿಲ್ಲ.

ಚಿತ್ರ ಹೊಂದಿಸುವುದನ್ನು ಕಲಿಯುವುದು

ಒಂದು ಸನ್‌ಸ್ಪಾಟ್, ಅಂದರೆ ಸೂರ್ಯನ ಮೇಲಿನ ಕಪ್ಪು ಕಲೆ, ಆರಿಸಿಕೊಳ್ಳಿ. ಅದು ಬಿಂಬದ ನಡುವಿನ ಹತ್ತಿರ ಇರಲಿ. ಅಂಚಿನ ಹತ್ತಿರದ್ದು ಈಗ ಬೇಡ, ಅಲ್ಲಿ ನಾವು ಓರೆಯಾಗಿ ನೋಡುತ್ತೇವೆ, ಮೇಲಿನ ಪದರ ಕೆಳಗಿನದಕ್ಕಿಂತ ಸರಿದಂತೆ ಕಾಣುತ್ತದೆ. ಮೇಲ್ಮೈಯಿಂದ 2,000 ಕಿ.ಮೀ. ಎತ್ತರದಲ್ಲಿರುವುದು ಅಂಚಿನಲ್ಲಿ ಎರಡು ಮೂರು ಆರ್ಕ್‌ಸೆಕೆಂಡ್ ಆಚೆ ಬಿದ್ದಿರುತ್ತದೆ. ನಿಮ್ಮ ಅಲೈನ್‌ಮೆಂಟ್ ತಪ್ಪಿದೆಯೋ, ಸೂರ್ಯನೇ ಹಾಗಿದ್ದಾನೋ ಅಂತ ಹೇಳಲು ಹೊಸಬರಿಗೆ ಆಗುವುದಿಲ್ಲ.

ಆ ಜಾಗವನ್ನು ಐರಿಸ್ ಕೂಡ ನೋಡಿರಬೇಕು. ಸಾಧ್ಯವಾದರೆ ನೆಲದ ಮೇಲಿನ ಒಂದು ಟೆಲಿಸ್ಕೋಪ್ ಕೂಡ. ಲಾ ಪಾಲ್ಮಾ ದ್ವೀಪದಲ್ಲಿರುವ ಸ್ವೀಡನ್ನಿನ 1 ಮೀಟರ್ ಟೆಲಿಸ್ಕೋಪ್ ಮತ್ತು ಐರಿಸ್ ಒಟ್ಟಿಗೆ ನೋಡಿದ ಡೇಟಾ ಸಾಕಷ್ಟು ಹೊರಗೆ ಇದೆ. ಕಲಿಯಲು ಅದು ಒಳ್ಳೆಯದು, ಯಾಕೆಂದರೆ ಅವರು ಹೊಂದಿಸಿಟ್ಟದ್ದೂ ಸಿಗುತ್ತದೆ. ನೀವು ಮೊದಲಿನಿಂದ ಮಾಡಿ, ಆಮೇಲೆ ಅವರದರ ಜೊತೆ ಹೋಲಿಸಿ.

ಮೊದಲು ಸಮಯ ನೋಡಿ. ಸೂರ್ಯ ತಿರುಗುತ್ತಾನೆ. ಬಿಂಬದ ನಡುವೆ ಒಂದು ಗಂಟೆಗೆ ಸುಮಾರು 10 ಆರ್ಕ್‌ಸೆಕೆಂಡ್, ಅಂದರೆ ಏಳು ಸಾವಿರ ಕಿ.ಮೀ. ಸರಿಯುತ್ತದೆ. ಭಾರತದ ಸಮಯ, ಯುಟಿ (ಗ್ರೀನಿಚ್ ಲೆಕ್ಕದ ವಿಶ್ವಸಮಯ, ಯುಟಿಸಿ ಅಂತಲೂ ಅನ್ನುತ್ತಾರೆ), ಹವಾಯಿಯ ಸಮಯ ಅಂತ ಕಲಸಿಕೊಂಡರೆ ಕಥೆ ಮುಗಿಯಿತು. ಎಲ್ಲವನ್ನೂ ಯುಟಿಯಲ್ಲೇ ಬರೆಯಿರಿ, ನೋಟ್‌ಬುಕ್ಕಿನಲ್ಲಿ ಕೂಡ. ಇನ್ನೂ ಒಂದು ಒಳಗುಟ್ಟು ಇದೆ. ಎಸ್‌ಡಿಒದಲ್ಲಿ ಮೇಲ್ಮೈ ಮತ್ತು ಕಾಂತಕ್ಷೇತ್ರ ನೋಡುವ ಎಚ್‌ಎಂಐ ಉಪಕರಣದ ಡೇಟಾದಲ್ಲಿ ಸಮಯ ಟಿಎಐ ಅನ್ನುವ ಅಣುಗಡಿಯಾರದ ಲೆಕ್ಕದಲ್ಲಿರುತ್ತದೆ, ಅದು ಯುಟಿಸಿಗಿಂತ 37 ಸೆಕೆಂಡ್ ಮುಂದೆ. ಎಚ್‌ಎಂಐ ಚಿತ್ರವೇ 45 ಸೆಕೆಂಡಿಗೊಂದು. 37 ಸೆಕೆಂಡ್ ತಪ್ಪಿದರೆ ಒಂದು ಇಡೀ ಚಿತ್ರವೇ ಆಚೀಚೆ ಆದ ಹಾಗೆ.

ಸೋಲಾರ್ ಆರ್ಬಿಟರ್ ಸೇರಿಸಿದರೆ ಮಜಾ ಇನ್ನೂ ಜಾಸ್ತಿ. ಸೂರ್ಯನ ಬೆಳಕು ನಮಗೆ ತಲುಪಲು ಸುಮಾರು 8 ನಿಮಿಷ 19 ಸೆಕೆಂಡ್ ಬೇಕು. ಆ ನೌಕೆ ಸೂರ್ಯನಿಗೆ ನಮ್ಮ ದೂರದ ಮೂರನೇ ಒಂದಕ್ಕಿಂತ ಹತ್ತಿರ ಹೋಗುತ್ತದೆ. ಅಲ್ಲಿರುವಾಗ ಅದೇ ಫ್ಲೇರನ್ನು ಅದು ನಮಗಿಂತ ಐದೂವರೆ ನಿಮಿಷಕ್ಕೂ ಮೊದಲೇ ನೋಡಿರುತ್ತದೆ! ಈ ವ್ಯತ್ಯಾಸ ಕಳೆಯದೆ ಎರಡು ಗ್ರಾಫ್ ಒಟ್ಟಿಗೆ ಹಾಕಿದರೆ ಕಾರಣ ಯಾವುದು, ಪರಿಣಾಮ ಯಾವುದು ಅನ್ನುವುದೇ ತಿರುಗುಮುರುಗಾಗುತ್ತದೆ.

ಸಮಯ ಸರಿಯಾದ ಮೇಲೆ ಜಾಗ. ನೆಲದ ಟೆಲಿಸ್ಕೋಪಿನ ಚಿತ್ರ ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿ, ಇಲ್ಲವೇ ವಾರೆಯಾಗಿ ಬಂದಿರಬಹುದು. ಫೈಲಿನ ಹೆಡರಿನಲ್ಲಿ, ಅಂದರೆ ಚಿತ್ರದ ವಿವರ ಇರುವ ಭಾಗದಲ್ಲಿ, ಬರೆದದ್ದನ್ನು ಪೂರ್ತಿ ನಂಬಬೇಡಿ. ಮೊದಲು ಕಣ್ಣಿನಲ್ಲಿ ಹೊಂದಿಸಿ: ಸನ್‌ಸ್ಪಾಟಿನ ಆಕಾರ, ಪಕ್ಕದ ಸಣ್ಣ ಕಪ್ಪು ಚುಕ್ಕೆಗಳು. ಎಷ್ಟು ತಿರುಗಿಸಬೇಕು, ಪಿಕ್ಸೆಲ್ ಎಷ್ಟು ದೊಡ್ಡದು ಅಂತ ಒಂದು ಅಂದಾಜು ಸಿಕ್ಕ ಮೇಲೆ ಹೈ ರೆಸಲ್ಯೂಷನ್ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ. ಹೌದು, ಮಸುಕು ಮಾಡಿ. ಎಚ್‌ಎಂಐ ಪಿಕ್ಸೆಲ್ 0.5 ಆರ್ಕ್‌ಸೆಕೆಂಡ್, ನಿಮ್ಮ ಚಿತ್ರವನ್ನೂ ಅದೇ ಮಟ್ಟಕ್ಕೆ ಇಳಿಸಿದರೆ ಮಾತ್ರ ಎರಡನ್ನೂ ಕ್ರಾಸ್-ಕೋರಿಲೇಷನ್ ಮಾಡಿ ಎಷ್ಟು ಸರಿಸಬೇಕು ಅಂತ ನಿಖರವಾಗಿ ಹೇಳಬಹುದು.

ನೇರವಾಗಿ ಕೆಳಪದರದ ಚಿತ್ರವನ್ನು ಕರೋನಾ ಚಿತ್ರದ ಮೇಲೆ ಕೂರಿಸಲು ಹೋಗಬೇಡಿ. ಎರಡರಲ್ಲೂ ಒಂದೇ ತರಹ ಕಾಣುವುದು ಏನೂ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ನೆಲದ ಚಿತ್ರವನ್ನು ಎಚ್‌ಎಂಐ ಬಿಳಿ ಬೆಳಕಿನ ಚಿತ್ರಕ್ಕೆ ಹೊಂದಿಸಿ. ಅಲ್ಲಿಂದ ಎಸ್‌ಡಿಒದ ಇನ್ನೊಂದು ಉಪಕರಣವಾದ ಎಐಎಯ 1700 ಮತ್ತು 1600ಕ್ಕೆ (ಈ ಸಂಖ್ಯೆಗಳು ಬೆಳಕಿನ ತರಂಗಾಂತರ, ಆಂಗ್‌ಸ್ಟ್ರಾಮ್ ಲೆಕ್ಕದಲ್ಲಿ). ಅಲ್ಲಿಂದ 304, 171ಕ್ಕೆ. ಐರಿಸಿನ 2832 ಚಿತ್ರ ಎಚ್‌ಎಂಐಗೆ ಹತ್ತಿರ, ಅದರ 1400 ಚಿತ್ರ ಎಐಎ 1600ಕ್ಕೆ ಹತ್ತಿರ. ಹೀಗೆ ಪಕ್ಕದ ಪದರದಿಂದ ಪಕ್ಕದ ಪದರಕ್ಕೆ ಹೋದರೆ ಎಲ್ಲೋ ಒಂದು ಕಡೆ ಜಾರಿದರೂ ಎಲ್ಲಿ ಅಂತ ಸಿಕ್ಕಿಬೀಳುತ್ತದೆ.

ಮುಗಿಯಿತು ಅನ್ನಿಸಿದ ಮೇಲೆ ಎರಡು ಚಿತ್ರಗಳನ್ನು ಒಂದಾದ ಮೇಲೊಂದು ಮಿಣುಕಿಸಿ ನೋಡಿ. ಕುಣಿದರೆ ತಪ್ಪಿದೆ. ಶುರುವಿನ, ನಡುವಿನ, ಕೊನೆಯ ಹೊತ್ತಿನ ಚಿತ್ರಗಳಲ್ಲಿ ಈ ಪರೀಕ್ಷೆ ಮಾಡಿ, ಒಂದರಲ್ಲಿ ಸರಿ ಕಂಡಿತು ಅಂತ ಬಿಡಬೇಡಿ. ಕೊನೆಗೆ ಎಷ್ಟು ಆರ್ಕ್‌ಸೆಕೆಂಡ್ ತಪ್ಪು ಉಳಿದಿದೆ ಅಂತ ಬರೆದಿಡಿ. ಆ ಒಂದು ಸಂಖ್ಯೆ ಬರೆಯುವ ಹುಡುಗ ಹುಡುಗಿಯರನ್ನು ಕಂಡರೆ ಹಿರಿಯರಿಗೆ ತಕ್ಷಣ ನಂಬಿಕೆ ಬರುತ್ತದೆ, ಯಾಕೆಂದರೆ ಬಹಳಷ್ಟು ಜನ ಅದನ್ನು ಬರೆಯುವುದೇ ಇಲ್ಲ.

ಕರೆಂಟು, ನೆಟ್ಟು, ಮಳೆ

ಇಲ್ಲಿ ಇದನ್ನು ಬಿಟ್ಟು ಮಾತಾಡುವುದು ಸುಳ್ಳಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮರ ಬಿದ್ದು ಲೈನ್ ಹೋದರೆ ಮತ್ತೆ ಯಾವಾಗ ಬರುತ್ತದೆ ಅಂತ ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಹಾಗಾಗಿ ಡೇಟಾ ಚಿಕ್ಕದು ಮಾಡಿಕೊಳ್ಳಿ. ಎಸ್‌ಡಿಒದ ಒಂದು ಪೂರ್ತಿ ಚಿತ್ರ 4096 ಗುಣಿಸು 4096, ಅಂದರೆ ಒಂದು ಕೋಟಿ ಅರವತ್ತು ಲಕ್ಷಕ್ಕೂ ಮೀರಿ ಪಿಕ್ಸೆಲ್. ಒಂದು ಬಣ್ಣದಲ್ಲಿ ಒಂದು ಗಂಟೆಗೆ 300 ಚಿತ್ರ. ಅದನ್ನೆಲ್ಲ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸಲು ಕೂತರೆ ಹುತ್ತರಿ ಬರುತ್ತದೆ. ಜೆಎಸ್‌ಒಸಿಯಲ್ಲಿ ಕಟ್-ಔಟ್ ಕೇಳುವ ಸೌಲಭ್ಯ ಇದೆ, ನಿಮಗೆ ಬೇಕಾದ 400 ಗುಣಿಸು 400 ತುಂಡು ಮಾತ್ರ ಕೇಳಿ. ಗಾತ್ರ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲೇ, ಕರೆಂಟು ನೆಟ್ಟಗಿರುವಾಗಲೇ ಮಳೆಗಾಲಕ್ಕೆ ಬೇಕಾದ ಡೇಟಾ ಇಳಿಸಿ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ನಮ್ಮ ಮನೆಗಳಲ್ಲಿ ಸೌದೆ ಕೂಡಿಡುವ ಹಾಗೆ.

ಭಾರದ ಲೆಕ್ಕಗಳನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಬೇಡಿ. ಶುರುವಿನಲ್ಲಿ ಗೂಗಲ್ ಕೋಲ್ಯಾಬ್ ಸಾಕು. ತಂಡ ಸೇರಿದ ಮೇಲೆ ಅವರ ಸರ್ವರಿನಲ್ಲಿ ಒಂದು ಅಕೌಂಟ್ ಕೇಳಿ, ನಾಚಿಕೆ ಬೇಡ, ಕೊಡುತ್ತಾರೆ. ಅಲ್ಲಿ ಟಿಮಕ್ಸ್ ಅನ್ನುವ ಪ್ರೋಗ್ರಾಮಿನ ಒಳಗೆ ಕೆಲಸ ಓಡಿಸಿ. ನಿಮ್ಮ ಕಡೆ ಲೈನ್ ಹೋದರೂ ಅಲ್ಲಿ ಲೆಕ್ಕ ನಡೆಯುತ್ತಲೇ ಇರುತ್ತದೆ, ಕರೆಂಟು ಬಂದ ಮೇಲೆ ಹೋಗಿ ನೋಡಿದರಾಯಿತು.

ಆದರೂ ನಿಮ್ಮದೇ ಒಂದು ಪ್ರತಿ ಇರಲಿ. ನೀರು ನುಗ್ಗುವುದು ಕೊಡಗಿನಲ್ಲಿ ಮಾತ್ರ ಅಲ್ಲ. 2024ರ ನವೆಂಬರ್ ಕೊನೆಯಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಪೈಪ್ ಒಡೆದು ಜೆಎಸ್‌ಒಸಿ ಸರ್ವರ್ ಕೋಣೆಗೇ ನೀರು ತುಂಬಿತ್ತು. ಪ್ರಪಂಚದಾದ್ಯಂತ ಸೂರ್ಯನ ಡೇಟಾ ನೆಚ್ಚಿಕೊಂಡಿದ್ದವರ ಕೆಲಸ ನಿಂತು ಹೋಯಿತು.

ಯಾರಿಗೆ, ಹೇಗೆ ಬರೆಯಬೇಕು

ಈಗ ಇಮೇಲ್. ಬಹಳ ಜನ ಇದನ್ನೇ ಮೊದಲು ಮಾಡುತ್ತಾರೆ, ಉತ್ತರ ಬರುವುದಿಲ್ಲ, ಹೊರದೇಶದವರಿಗೆ ಜಂಭ ಅಂತ ಸುಮ್ಮನಾಗುತ್ತಾರೆ. ಜಂಭ ಅಲ್ಲ. "ನನಗೆ ಚಿಕ್ಕಂದಿನಿಂದ ಆಕಾಶ ಅಂದರೆ ಇಷ್ಟ, ನಿಮ್ಮ ಬಳಿ ಏನಾದರೂ ಅವಕಾಶ ಇದೆಯಾ" ಅನ್ನುವ ಪತ್ರಕ್ಕೆ ಉತ್ತರ ಬರೆಯುವುದು ಕಷ್ಟ. ಏನು ಅಂತ ಬರೆಯುತ್ತಾರೆ, ನೀವೇ ಹೇಳಿ?

ಒಂದು ಸಣ್ಣ ಪ್ರಶ್ನೆ ಇಟ್ಟುಕೊಂಡು ಹೋಗಿ. ಕರೋನಾ ಯಾಕೆ ಅಷ್ಟು ಬಿಸಿ ಅಂತ ಕೇಳಬೇಡಿ, ಅದು ಎಲ್ಲರ ಪ್ರಶ್ನೆ. ಸೋಲಾರ್ ಆರ್ಬಿಟರ್ 2020ರಲ್ಲಿ ತೋರಿಸಿದ ಆ ಸಣ್ಣ ಬೆಂಕಿಚುಕ್ಕೆಗಳಿವೆಯಲ್ಲ, ಕ್ಯಾಂಪ್‌ಫೈರ್ ಅಂತ ಹೆಸರಿಟ್ಟಿದ್ದಾರೆ, ಕೆಲವು 400 ಕಿ.ಮೀ.ಯಷ್ಟು ಚಿಕ್ಕವು. ಅಂಥ ಒಂದು ಚುಕ್ಕೆಯ ಕೆಳಗೆ ಕಾಂತಕ್ಷೇತ್ರ ಹೇಗಿತ್ತು ಅಂತ ಕೇಳಬಹುದು. ಇಲ್ಲವೇ ಸನ್‌ಸ್ಪಾಟಿನ ಅಂಚಿನಲ್ಲಿ ಅನಿಲ ಹೊರಗೆ ಹರಿಯುವುದನ್ನು ನೋಡಬಹುದು. ಅದನ್ನು 1909ರಲ್ಲಿ ಕಂಡುಹಿಡಿದದ್ದು ನಮ್ಮ ಪಕ್ಕದ ಕೊಡೈಕನಾಲಿನಲ್ಲಿ, ಜಾನ್ ಎವರ್ಶೆಡ್. ಇವತ್ತಿಗೂ ದೊಡ್ಡ ಟೆಲಿಸ್ಕೋಪುಗಳು ಅದೇ ಹರಿವನ್ನು ಎಳೆ ಎಳೆಯಾಗಿ ನೋಡುತ್ತಿವೆ.

ಪತ್ರದ ಸಬ್ಜೆಕ್ಟಿನಲ್ಲೇ ಉಪಕರಣ ಮತ್ತು ದಿನಾಂಕ ಇರಲಿ. ಒಳಗೆ ಮೊದಲ ಸಾಲಿನಲ್ಲಿ ಅವರ ಯಾವ ಪೇಪರ್ ಓದಿದಿರಿ, ಅದರ ಯಾವ ಚಿತ್ರದ ಬಗ್ಗೆ ಕೇಳುತ್ತಿದ್ದೀರಿ ಅಂತ ಬರೆಯಿರಿ. ಆಮೇಲೆ ನೀವೇ ಹೊಂದಿಸಿದ ಒಂದು ಚಿತ್ರ, ಉಳಿದ ತಪ್ಪು ಎಷ್ಟು ಅನ್ನುವ ಸಂಖ್ಯೆಯ ಜೊತೆ. ಆಮೇಲೆ ಒಂದೇ ಒಂದು ಪ್ರಶ್ನೆ. ಮುಗಿಯಿತು. ಬಯೋಡೇಟಾ ಅವರು ಕೇಳಿದಾಗ ಕಳಿಸಿ. ವಾರ ಎರಡು ವಾರ ಉತ್ತರ ಬಾರದಿದ್ದರೆ ಒಂದು ಸಲ ನೆನಪಿಸಿ, ಅದಕ್ಕಿಂತ ಜಾಸ್ತಿ ಬೇಡ. ತಂಡದ ಹೆಸರಾಂತ ಪ್ರೊಫೆಸರಿಗಿಂತ ಪೇಪರಿನ ಮೊದಲ ಹೆಸರಿನವರಿಗೆ, ಅಂದರೆ ಸಾಮಾನ್ಯವಾಗಿ ಪಿಎಚ್‌ಡಿ ವಿದ್ಯಾರ್ಥಿಗೋ ಪೋಸ್ಟ್‌ಡಾಕಿಗೋ ಬರೆದರೆ ಉತ್ತರ ಬೇಗ ಬರುತ್ತದೆ. ಆ ಚಿತ್ರವನ್ನು ಕೈಯಾರೆ ಮಾಡಿದವರು ಅವರೇ ತಾನೇ.

ನಾವು ಮಾತಿಗೊಮ್ಮೆ ಸರ್, ಮೇಡಂ ಅನ್ನುವವರು. ಓಸ್ಲೋ, ಸ್ಟಾಕ್‌ಹೋಮ್ ಕಡೆಯವರು ಎರಡನೇ ಪತ್ರಕ್ಕೇ ಬರೀ ಹೆಸರು ಹಿಡಿದು ಕರೆಯಿರಿ ಅನ್ನುತ್ತಾರೆ. ಕರೆಯಿರಿ, ಅಗೌರವ ಅಲ್ಲ. ಜಪಾನಿನವರ ಜೊತೆ ಮಾತ್ರ ನಮ್ಮ ಅಭ್ಯಾಸವೇ ಸರಿ.

ಭಾರತದೊಳಗೆ ಒಬ್ಬ ಮಾರ್ಗದರ್ಶಕರು ಇರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬೆಂಗಳೂರಿನ ಐಐಎ, ಉದಯಪುರದ ಸೋಲಾರ್ ಅಬ್ಸರ್ವೇಟರಿ, ನೈನಿತಾಲಿನ ಏರೀಸ್, ಪುಣೆಯ ಐಯುಕಾ, ಇಲ್ಲೆಲ್ಲ ಸೂರ್ಯನ ಮೇಲೆ ಕೆಲಸ ಮಾಡುವವರಿದ್ದಾರೆ, ಅವರಿಗೆಲ್ಲ ಹೊರಗಿನ ತಂಡಗಳ ಜೊತೆ ನಂಟಿದೆ. ಮುಂದೆ ಪಿಎಚ್‌ಡಿ ಮಾಡುವುದಾದರೆ ಜೆಸ್ಟ್ ತರಹದ ಒಂದು ಪ್ರವೇಶ ಪರೀಕ್ಷೆ ಹೇಗೂ ಬರೆಯಬೇಕು. ಹೊರಗಿನವರ ಜೊತೆ ನೇರ ಹೋಗಬಾರದು ಅಂತಲ್ಲ. ಆದರೆ ಕಷ್ಟ ಬಂದಾಗ ಕನ್ನಡದಲ್ಲೋ ಹಿಂದಿಯಲ್ಲೋ ಫೋನ್ ಮಾಡಿ ಕೇಳಲು ಒಬ್ಬರಿದ್ದರೆ ಬಲ.

ಮೀಟಿಂಗು ಮತ್ತು ಟೆಲಿಸ್ಕೋಪ್ ಸಮಯ

ಮೂರು ಖಂಡದವರು ಸೇರುವ ಆನ್‌ಲೈನ್ ಮೀಟಿಂಗಿಗೆ ನಮ್ಮ ಸಂಜೆ ಏಳೂವರೆ ಒಳ್ಳೆಯ ಹೊತ್ತು. ಆಗ ಯುಟಿ ಮಧ್ಯಾಹ್ನ 2. ಬೇಸಿಗೆಯಲ್ಲಿ ಜರ್ಮನಿಯಲ್ಲಿ ಸಂಜೆ 4, ಅಮೆರಿಕದ ಬೌಲ್ಡರಿನಲ್ಲಿ ಬೆಳಗ್ಗೆ 8, ಜಪಾನಿನಲ್ಲಿ ರಾತ್ರಿ 11. ಹವಾಯಿಯವರಿಗೆ ಬೆಳಗಿನ ಜಾವ 4, ಪಾಪ, ಅವರು ಬರುವುದಿಲ್ಲ. ಮಾರ್ಚಿಯಲ್ಲಿ ಎಚ್ಚರ. ಅಮೆರಿಕದವರು ಎರಡನೇ ಭಾನುವಾರ ಗಡಿಯಾರ ಮುಂದೆ ಮಾಡುತ್ತಾರೆ, ಯೂರೋಪಿನವರು ಕೊನೆಯ ಭಾನುವಾರ. ನಡುವಿನ ಆ ಎರಡು ಮೂರು ವಾರ ಯಾರಾದರೊಬ್ಬರು ಒಂದು ಗಂಟೆ ಬೇಗ ಬಂದು ಖಾಲಿ ಪರದೆ ನೋಡುತ್ತಾ ಕೂತಿರುತ್ತಾರೆ. ಮೀಟಿಂಗ್ ಸಮಯವನ್ನೂ ಯುಟಿಯಲ್ಲೇ ಬರೆಯಿರಿ ಅಂತ ಮತ್ತೆ ಹೇಳುತ್ತೇನೆ.

ಇದ್ದ ಡೇಟಾ ಸಾಲದೆ ಹೊಸದು ಬೇಕಾದಾಗ ಪ್ರಪೋಸಲ್ ಬರೆಯಬೇಕು. ಹಿನೋಡೆ ಮತ್ತು ಐರಿಸ್ ಎರಡೂ ಒಟ್ಟಿಗೆ ಒಂದೇ ಜಾಗ ನೋಡುವಂತೆ ಕೇಳುವ ಪದ್ಧತಿ ಇದೆ, ಅದನ್ನು ಐಹಾಪ್ ಅನ್ನುತ್ತಾರೆ. ಫಾರಂ ಚಿಕ್ಕದು, ಯಾವ ದೇಶದವರೂ ಹಾಕಬಹುದು. ಯಾವ ಪದರ, ಎಷ್ಟು ಹೊತ್ತು, ಎಷ್ಟು ಸೆಕೆಂಡಿಗೊಂದು ಚಿತ್ರ, ನೆಲದ ಯಾವ ಟೆಲಿಸ್ಕೋಪ್ ಜೊತೆಗಿದೆ, ಇಷ್ಟು ಸ್ಪಷ್ಟವಾಗಿರಬೇಕು. ಗುರಿ ಯಾವುದು ಅಂತ ಕೊನೆಯ ದಿನಗಳಲ್ಲೇ ತೀರ್ಮಾನ, ಯಾಕೆಂದರೆ ಸನ್‌ಸ್ಪಾಟ್ ಯಾರ ಮಾತೂ ಕೇಳುವುದಿಲ್ಲ.

ಇನೊಯೆ ಟೆಲಿಸ್ಕೋಪಿಗೆ ಪ್ರಪೋಸಲ್ ಸಿಕ್ಕರೆ ಹವಾಯಿಗೆ ಹೋಗಬೇಕಾಗಿಲ್ಲ. ಅಲ್ಲಿನವರೇ ಗಾಳಿ, ಮೋಡ ನೋಡಿಕೊಂಡು ನಿಮ್ಮ ಪರವಾಗಿ ನೋಡುತ್ತಾರೆ. ಬೆಳಗಿನ ಹೊತ್ತು ಗಾಳಿ ಸ್ತಬ್ಧ, ನೆಲ ಕಾದ ಮೇಲೆ ಚಿತ್ರ ನಡುಗತೊಡಗುತ್ತದೆ. ಅಲ್ಲಿ ಬೆಳಗ್ಗೆ 7 ಅಂದರೆ ನಮಗೆ ರಾತ್ರಿ ಹತ್ತೂವರೆ. ಎದ್ದಿದ್ದು ಪ್ರಶ್ನೆಗಳಿಗೆ ಉತ್ತರ ಕೊಡಲು ಸಿದ್ಧ ಇದ್ದರೆ ಒಳ್ಳೆಯದು. ಲಾ ಪಾಲ್ಮಾ ನಮಗೆ ಇನ್ನೂ ಅನುಕೂಲ, ಬೇಸಿಗೆಯಲ್ಲಿ ಅಲ್ಲಿನ ಬೆಳಗ್ಗೆ 8 ಅಂದರೆ ಇಲ್ಲಿ ಮಧ್ಯಾಹ್ನ ಹನ್ನೆರಡೂವರೆ.

"ಹಾಗಾದರೆ ತಡಿಯಂಡಮೋಳಿನ ಮೇಲೆ ಒಂದು ಟೆಲಿಸ್ಕೋಪ್ ಇಡಬಹುದಲ್ವಾ" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಡ. ಎತ್ತರ ಒಂದೇ ಸಾಲದು, ವರ್ಷವಿಡೀ ಒಣ ಆಕಾಶ, ಅಲುಗದ ಗಾಳಿ ಬೇಕು. ಉದಯಪುರದವರು ಫತೇಸಾಗರ ಕೆರೆಯ ನಡುವೆ, ಕ್ಯಾಲಿಫೋರ್ನಿಯದ ಬಿಗ್ ಬೇರಿನವರು ಸರೋವರದಲ್ಲಿ ಟೆಲಿಸ್ಕೋಪ್ ಇಟ್ಟಿದ್ದು ಅದಕ್ಕೇ, ನೀರಿನ ಮೇಲಿನ ಗಾಳಿ ನೆಲದ ಮೇಲಿನಷ್ಟು ಕುದಿಯುವುದಿಲ್ಲ. ಭಾರತದ 2 ಮೀಟರ್ ಸೌರ ಟೆಲಿಸ್ಕೋಪಿಗೆ ಲಡಾಖಿನ ಪ್ಯಾಂಗಾಂಗ್ ದಡದ ಮೆರಾಕ್ ಆರಿಸಿದ್ದೂ ಇದೇ ಲೆಕ್ಕದಲ್ಲಿ. ನಮ್ಮ ಬೆಟ್ಟಕ್ಕೆ ಮೋಡವೇ ಚೆಂದ.

ಪೇಪರ್ ಬರೆಯುವಾಗ

ಲೇಖಕರ ಹೆಸರಿನ ಮಾತು ಶುರುವಿನಲ್ಲೇ ಆಡಿ. ಕೊನೆಗೆ ಆಡಿದರೆ ಮನಸ್ತಾಪ ಖಂಡಿತ. ಚಿತ್ರ ತೆಗೆದವರು, ಅದನ್ನು ಶುದ್ಧ ಮಾಡಿಕೊಟ್ಟವರು, ಹೊಂದಿಸಿದವರು, ಇವರೆಲ್ಲರ ಹೆಸರು ಇರಬೇಕು, ನಿಮ್ಮದೂ ಸೇರಿ. ಅಲೈನ್‌ಮೆಂಟ್ ಪೂರ್ತಿ ನೀವು ಮಾಡಿ ಕೊನೆಯ ಕೃತಜ್ಞತೆ ಸಾಲಿನಲ್ಲಿ ಮಾತ್ರ ಹೆಸರು ಬಂದರೆ ಸುಮ್ಮನಿರಬೇಡಿ, ಮೆತ್ತಗೆ ಆದರೆ ನೇರವಾಗಿ ಕೇಳಿ. ನಮ್ಮವರು ಇಲ್ಲಿ ಸಂಕೋಚ ಪಡುವುದು ಜಾಸ್ತಿ.

ಪ್ರತಿ ಉಪಕರಣಕ್ಕೂ ಹಾಕಬೇಕಾದ ಕೃತಜ್ಞತೆಯ ಸಾಲುಗಳು ಸಿದ್ಧವಾಗಿ ಸಿಗುತ್ತವೆ, ಅಕ್ಷರ ಬಿಡದೆ ಹಾಕಿ. ಇನೊಯೆಯ ಸಾಲಿನಲ್ಲಿ ಆ ಜಾಗ ಹವಾಯಿಯ ಮೂಲನಿವಾಸಿಗಳಿಗೆ ಪವಿತ್ರವಾದದ್ದು ಅಂತ ಬರೆದಿರುತ್ತದೆ. ಅದು ಬರೀ ಔಪಚಾರಿಕ ಅಲ್ಲ. ಹಲೇಯಾಕಲಾ ಮೇಲೆ ಟೆಲಿಸ್ಕೋಪ್ ಕಟ್ಟುವುದನ್ನು ವಿರೋಧಿಸಿ ಅಲ್ಲಿನ ಜನ ರಸ್ತೆಗೆ ಇಳಿದಿದ್ದರು. ತಲಕಾವೇರಿಯ ಬ್ರಹ್ಮಗಿರಿ ನೆತ್ತಿಯ ಮೇಲೆ ಯಾರೋ ದೊಡ್ಡ ಕಟ್ಟಡ ಕಟ್ಟಲು ಬಂದರೆ ನಮಗೆ ಹೇಗನ್ನಿಸುತ್ತದೆ ಅಂತ ಯೋಚಿಸಿದರೆ ಆ ಸಾಲನ್ನು ಬಿಡಲು ಮನಸ್ಸು ಬರುವುದಿಲ್ಲ.

ಕೋಡ್ ಮತ್ತು ಹೊಂದಿಸಿದ ಡೇಟಾ ಎಲ್ಲರಿಗೂ ಸಿಗುವ ಕಡೆ ಇಡಿ. ಮುಂದಿನ ತಂಡ ನಿಮ್ಮನ್ನು ಹುಡುಕಿಕೊಂಡು ಬರುವುದು ಹೆಚ್ಚಾಗಿ ಅದರಿಂದಲೇ.

ಯಾವತ್ತಾದರೂ ಮುಖಾಮುಖಿ ಕೂರುವ ಅವಕಾಶವೂ ಬರುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್ ಊರಿನಲ್ಲಿ ಐಎಸ್‌ಎಸ್‌ಐ ಅನ್ನುವ ಸಂಸ್ಥೆ ಇದೆ. ಪ್ರತಿ ವರ್ಷ ಬೇರೆ ಬೇರೆ ದೇಶದವರ ಸಣ್ಣ ತಂಡಗಳಿಂದ ಅರ್ಜಿ ಕರೆಯುತ್ತದೆ, ಒಪ್ಪಿದರೆ ಒಂದು ವಾರ ಒಂದು ಕೋಣೆಯಲ್ಲಿ ಕೂತು ಕೆಲಸ. ಉಳಿಯುವ, ಊಟದ ಖರ್ಚು ಅವರದು, ವಿಮಾನದ ಖರ್ಚು ಸಾಮಾನ್ಯವಾಗಿ ನಮ್ಮದು. ವೀಸಾಕ್ಕೆ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕು. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಹಾಕಿ. ಜುಲೈ ತಿಂಗಳಲ್ಲಿ ಆ ದಿನಾಂಕ ಬಿದ್ದರೆ ಹಿಂದಿನ ದಿನವೇ ಮನೆ ಬಿಡಿ, ಮಣ್ಣು ಕುಸಿದು ರಸ್ತೆ ಬಂದ್ ಆಗಿತ್ತು ಅಂದರೆ ಅಲ್ಲಿ ಕೇಳುವವರಿಲ್ಲ. ಮೀಟಿಂಗ್ ಜನವರಿಯಲ್ಲಾದರೆ ಇನ್ನೊಂದು ಮಾತು: ಮಡಿಕೇರಿ ಚಳಿಗೆ ಹಾಕುವ ಸ್ವೆಟರ್ ಬರ್ನಿಗೂ ಸಾಕು ಅಂದುಕೊಂಡು ವಿಮಾನ ಹತ್ತಬೇಡಿ.